ನಾಯಿ ಒಯ್ಯದ ಚಪ್ಪಲಿ

ಹೋದ ವಾರ ಪಾರ್ವತಿನಗರದ ನಮ್ಮ ಮನೆಗೆ ಗೆದ್ದಲು ಔಷಧಿ ಹೊಡೆಯುವವನು ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಗಂಟಲು ಹಿಡಿಯಿತು. ಸೆಮಿನರಿಯ ಗ್ರಂಥಪಾಲಕರು ನೆನಪಾದರು…

ವರ್ಷಗಳ ಹಿಂದಿನ ಮಾತು, ಆಗಷ್ಟೇ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೆ. ಬಳ್ಳಾರಿಯಲ್ಲಿ ಬಿಷಪ್ಪರ ಆಡಳಿತದ ಹಳೆಯ ಸೆಮಿನರಿಯೊಂದು, ಕ್ರೈಸ್ತ ಬೋಧಕರ ಪಾಠಶಾಲೆ, ವಿಶ್ವವಿದ್ಯಾಲಯದ ಜೊತೆ ಸೇರುವುದರಲ್ಲಿತ್ತು. ಅದರ ಚರಿತ್ರೆ ಬರೆಯುವ ಕೆಲಸ ನನಗೆ ಸಿಕ್ಕಿತು. ಸಿರುಗುಪ್ಪ, ಕುರುಗೋಡು ಕಡೆಯಿಂದ ನಡೆದು ಬಂದ ಉಪದೇಶಿಗಳು ಬೇವಿನ ಮರದ ಕೆಳಗೆ ಪಾಠ ಕಲಿತ ಜಾಗ. ಅವರ ಹೆಸರುಗಳಿದ್ದ ಹಾಜರಿ ಪುಸ್ತಕಗಳು, ಅರ್ಧ ಕನ್ನಡ ಅರ್ಧ ತೆಲುಗು, ದಫ್ತರದ ಕೋಣೆಯಲ್ಲಿದ್ದವು. ಕಲ್ಲಿನ ಗೋಡೆ, ಎತ್ತರದಲ್ಲೊಂದು ಕಿಂಡಿ, ಒಂದೇ ಬಾಗಿಲು.

ಆ ಕೋಣೆ ನೋಡಿಕೊಳ್ಳುತ್ತಿದ್ದ ಗ್ರಂಥಪಾಲಕರಿಗೆ ಕಿವಿ ಮಂದ. ಅದಕ್ಕೇ ಅವರದೊಂದು ಪದ್ಧತಿ.

"ಚಪ್ಪಲಿ ಹೊರಗ ಬಿಡು ತಂಗಿ. ಇದೇನ್ ಗುಡಿ ಅಲ್ಲ. ನೀ ಒಳಗ ಅದಿ ಅಂತ ನನಗ ಗೊತ್ತಾಗಬೇಕಲ್ಲ."

"ನಾಯಿ ಒಯ್ತೈತಿ ಸರ್."

"ಒಯ್ಲಿ ಬಿಡು. ನಾಯಿಗೂ ಒಂದೀಟು ಸೆಮಿನರಿ ವಿದ್ಯಾ ಹತ್ತಲಿ."

ಆ ಶುಕ್ರವಾರ ನಾಯಿ ನಿಜವಾಗಿಯೂ ಒಂದನ್ನು ಒಯ್ದಿತು. ಶನಿವಾರ ನಾನು ಹೊಸ ಜೋಡಿಯನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಒಳಗೆ ಹೋದೆ. ಮಧ್ಯಾಹ್ನ ಗೆದ್ದಲು ಔಷಧಿ ಇಡುವುದಿದೆ ಎಂದು ಅವರು ಹಿಂದಿನ ದಿನವೇ ಹೇಳಿದ್ದರು. ಕೊನೆಯ ಕಪಾಟಿನ ಹಿಂದೆ ಕೂತು ಓದುತ್ತ ಮರೆತುಬಿಟ್ಟೆ.

ಡಬ್ಬಿಯ ಮುಚ್ಚಳ ತೆಗೆದ ಸದ್ದು, ಬಾಗಿಲು ಎಳೆದ ಸದ್ದು. ಆಮೇಲೆ ಬೀಗದ ಸದ್ದು. ಓಡಿಹೋಗಿ ಗುದ್ದಿದೆ, ಕೂಗಿದೆ. ಹೆಜ್ಜೆಗಳು ದೂರವಾದವು. ಮತ್ತೆ ತೆರೆಯುವುದು ಸೋಮವಾರ. ಫೋನಿಗೆ ಸಿಗ್ನಲ್ ಇರಲಿಲ್ಲ, ಕಿಂಡಿಗೆ ಕೈ ಎಟುಕಲಿಲ್ಲ. ಔಷಧಿಯ ಘಾಟಿಗೆ ಕಣ್ಣು ಉರಿಯತೊಡಗಿತು. ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟು ಮಲಗಿದೆ… ಈಗಲೂ ಎಷ್ಟೋ ಸಲ ಅಲ್ಲೇ ಮಲಗಿದ್ದೇನೆ ಅನಿಸುತ್ತದೆ.

ಕೋಣೆಯಲ್ಲೇ ಕನ್ನಡಕ ಮರೆತಿದ್ದರಿಂದ ಅವರು ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದರು. ಅಷ್ಟೇ. ಮರೆಯದಿದ್ದರೆ…

ನನ್ನನ್ನು ಹೊರಗೆಳೆದು ಮುಖಕ್ಕೆ ನೀರು ಹಾಕಿದರು. ಕೆಮ್ಮುತ್ತಲೇ ಮತ್ತೆ ಒಳಗೆ ಹೋಗಿ ಚೀಲ ತಂದರು. ಅದರಲ್ಲಿದ್ದ ಕಾಗದ ಬಿಚ್ಚಿ ಚಪ್ಪಲಿಗಳನ್ನು ನನ್ನ ಕಾಲ ಬಳಿ ಇಟ್ಟರು.

ಸೋಮವಾರ ಪ್ರಿನ್ಸಿಪಾಲರು ಕೇಳಿದರು. "ಬೀಗ ಹಾಕೋ ಮುಂದ ಚಪ್ಪಲಿ ನೋಡಲಿಲ್ಲೇನ್ರಿ?"

ಗ್ರಂಥಪಾಲಕರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ನಾಯಿ ಒಯ್ದಿರಬೇಕ್ರಿ. ಒಳಗ ಹಣಿಕಿ ಹಾಕಬೇಕಿತ್ತು. ತಪ್ಪು ನಂದ."

ಅವತ್ತೇ ಪ್ರಿನ್ಸಿಪಾಲರು ಅವರ ಕೈಯಿಂದ ಬೀಗದ ಕೈ ಇಸಿದುಕೊಂಡರು. ಗ್ರಂಥಪಾಲಕರು ತಮ್ಮ ಊರು ಹಚ್ಚೊಳ್ಳಿಗೆ ಹೊರಟುಹೋದರು. ನನ್ನ ಪುಸ್ತಕ ಅಚ್ಚಾಯಿತು. ಬಿಷಪ್ಪರೂ ಕುಲಪತಿಗಳೂ ಕೈಕುಲುಕುವ ಚಿತ್ರ ಮೊದಲ ಪುಟದಲ್ಲೇ ಇದೆ. ಅದರ ಒಂದು ಪ್ರತಿ ಹಿಡಿದು, ಹೇಳಬೇಕಾದ ಮಾತನ್ನೂ ಕಟ್ಟಿಕೊಂಡು ನಾನು ಹಚ್ಚೊಳ್ಳಿಗೆ ಹೋದಾಗ ಅವರು ತೀರಿಕೊಂಡು ತಿಂಗಳಾಗಿತ್ತು.

"ಮೇಡಂ, ಒಳಗ ಯಾರೂ ಇಲ್ಲಲ್ರಿ?" ಹೋದ ವಾರ ಔಷಧಿಯವನು ಕೇಳಿದ.

ಹೊಸ್ತಿಲಾಚೆ ನನ್ನದೊಂದೇ ಜೋಡಿ ಇತ್ತು. ಆದರೂ ಪ್ರತಿ ಕೋಣೆಗೂ ಹೋಗಿ ನೋಡಿ ಬಂದೆ.

ನಾಯಿ ಒಯ್ದಿರಲಿಲ್ಲ ಸರ್… ಎಂಬ ಮಾತು ಇನ್ನೂ ನನ್ನ ಬಳಿಯೇ ಉಳಿದಿದೆ.