ಹಾಸು ತೆಗೆದಿಟ್ಟ ಓಣಿ

ಇಳಕಲ್ಲಿನ ಗ್ರಾನೈಟ್ ಲಾರಿಗಳಿಗೆ ಹೊಸ ರಸ್ತೆ ಬೇಕಾಗಿತ್ತು. ನೇಕಾರರ ಓಣಿಯೊಂದನ್ನು ಅಗಲ ಮಾಡಬಹುದಿತ್ತು, ಇಲ್ಲವೇ ಊರ ಹೊರಗೆ ಹೊಲಗಳ ಬದಿಯಿಂದ ಸುತ್ತಿ ಹೋಗಬಹುದಿತ್ತು. ಯಾವುದು ಮೇಲೆಂದು ತೂಗಿ ನೋಡುವ ತಂಡದಲ್ಲಿ ನಾನಿದ್ದೆ. ಖರ್ಚು, ಉಳಿಯುವ ಸಮಯ, ಅಪಘಾತದ ಭಯ, ಜನರಿಗಾಗುವ ನಷ್ಟ, ಒಂದೊಂದಕ್ಕೂ ಅಂಕ ಕೊಟ್ಟು ಕೊನೆಗೆ ಕೂಡಿಸುವುದು ನಮ್ಮ ಪದ್ಧತಿ. ಆ ಓಣಿಯಲ್ಲಿ ನೇಯ್ಗೆ ಮಾಡುವ ನನ್ನ ಕಾಕಾ ಮತ್ತು ಅವನ ಹೆಂಡತಿ ಚಿಗವ್ವನ ಮನೆಯಿದೆ. ತಂಡದ ಮುಖ್ಯಸ್ಥರಿಗೆ ಅದನ್ನು ಮೊದಲೇ ತಿಳಿಸಿದ್ದೆ.

ಬೆಳಿಗ್ಗೆ ಆ ಓಣಿಯಲ್ಲಿ ನಡೆಯಲು ಜಾಗವಿರುವುದಿಲ್ಲ. ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಯ ನೂಲನ್ನು, ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಎಳೆ ಬಿಡಿಸಿ ಒಣಗಿಸುತ್ತಾರೆ. ಅಷ್ಟು ಉದ್ದದ ಜಾಗ ಯಾರ ಮನೆಯೊಳಗೂ ಇಲ್ಲ. ಅಲ್ಲಿ ಲಾರಿ ಓಡಾಡಿದರೆ ಮಗ್ಗಗಳು ನಿಲ್ಲುತ್ತವೆ.

ಸಾಹೇಬರು ನೋಡಲು ಬರುತ್ತಾರೆಂದು ನಾನು ಹಿಂದಿನ ದಿನ ಚಿಗವ್ವನಿಗೆ ಫೋನು ಮಾಡಿ ಹೇಳಿದ್ದೆ. ನಾವು ಹೋದಾಗ ಓಣಿ ಖಾಲಿಯಿತ್ತು. ಕಸ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿದ್ದರು. ನೂಲಿನ ಒಂದೆಳೆಯೂ ಇರಲಿಲ್ಲ.

"ಹಾಸು ಎಲ್ಲಿ, ಚಿಗವ್ವಾ?"

"ದೊಡ್ಡ ಮಂದಿ ಬರೂವಾಗ ಹಾದಿಗೆ ಅಡ್ಡ ಕಟ್ಕೊಂಡು ಕುಂದರ್ಲೇನು? ಓಣಿ ಮರ್ಯಾದಿ ಹೋಗ್ತೈತಿ. ನೀ ಮೊದ್ಲ ಉಪ್ಪಿಟ್ಟು ತಿನ್ನು, ಒಣಗಿದ ಕಟ್ಟಿಗಿ ಆಗೀದಿ."

ಮುಖ್ಯಸ್ಥರು ಚಹಾ ಕುಡಿದು ಓಣಿಯನ್ನು ಹೊಗಳಿದರು. ಯಾರ ಉದ್ಯೋಗಕ್ಕೂ ತೊಂದರೆಯಿಲ್ಲ ಎಂದು ಗುರುತು ಹಾಕಿಕೊಂಡರು. ಮರಳುವಾಗ ಜೀಪಿನಲ್ಲಿ, ದಿನವೂ ಅಲ್ಲಿ ಹಾಸು ಕಟ್ಟುತ್ತಾರೆ ಎಂದು ಹೇಳಿದೆ. "ನೋಡದ್ದನ್ನು ಹೇಗೆ ಬರೆಯಲಿ? ಒಂದು ಫೋಟೋ ತನ್ನಿ" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು.

ಮುಂದಿನ ವಾರ ಹೇಳದೇ ಹೋದೆ. ಹಾಸು ಓಣಿಯ ತುಂಬ ಹರಡಿತ್ತು. ಕಾಕಾನ ಮೊಣಕೈವರೆಗೂ ಗಂಜಿ. ನಾನು ಮೊಬೈಲ್ ಎತ್ತಿದ್ದೇ ತಡ, ಚಿಗವ್ವ ಸೆರಗು ಎಳೆದುಕೊಂಡಳು.

"ಲೇ, ಫೋಟೋ ಹೊಡಿಯೂ ಹೊತ್ತೇನು ಇದು? ತಲಿ ಸೈತ ಬಾಚಿಲ್ಲ!"

"ನಿನ್ನ ಮಾರಿ ಯಾರಿಗೆ ಬೇಕಾಗೇತಿ? ಅಂವ ನೂಲು ನೋಡಾಕ ಬಂದಾನ" ಎಂದ ಕಾಕಾ.

ಆಕೆ ನಗಲಿಲ್ಲ. ಹತ್ತಿರ ಬಂದು ಕೇಳಿದಳು: "ಹಾದಿ ಕಟ್ಟೇವಂತ ದಂಡ ಹಾಕೂದಿಲ್ಲಲ್ಲ?"

"ಇಲ್ಲ ಚಿಗವ್ವಾ. ಇದು ನಿಮ್ಮ ಸಲುವಾಗಿನ."

ಆಗ ಒಂದು ಬೈಕ್ ಬಂದು ಹಾಸಿನ ಆಚೆ ನಿಂತಿತು. ಕಾಕಾ ಬಂದು ನೂಲನ್ನು ಎತ್ತಿ ಹಿಡಿದ ಮೇಲೆ ಸವಾರ ತಲೆ ಬಗ್ಗಿಸಿ ದಾಟಿದ. ಬೈಕ್ ನಿಂತದ್ದೂ ಫೋಟೋದಲ್ಲಿ ಬಂತು.

ಬಾಗಲಕೋಟೆಯ ಸಭೆಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿದೆ. ಮುಖ್ಯಸ್ಥರು ಬಹಳ ಹೊತ್ತು ನೋಡಿದರು.

"ಈ ಬೈಕ್ ಎಷ್ಟು ಹೊತ್ತು ಕಾಯಿತು?"

ನಾನು ಹೇಳಿದೆ. ನೋಡಿದ್ದನ್ನು ಅಳೆದು ಹೇಳುವುದು ನನ್ನ ವೃತ್ತಿಯ ಅಭ್ಯಾಸ.

"ಹಾಗಾದರೆ ರಸ್ತೆ ಅಗಲವಾದರೆ ಈ ಅಡಚಣೆ ಹೋಗುತ್ತದೆ. ಉಳಿಯುವ ಸಮಯಕ್ಕೆ ಇದನ್ನೂ ಸೇರಿಸಿ."

"ಸರ್, ಅದು ಅವರು ದುಡಿಯುವ ಜಾಗ."

"ಅವರ ಹೆಸರಿನಲ್ಲಿದೆಯೇ?"

"ಇಲ್ಲ."

"ಮತ್ತೆ ನಷ್ಟ ಅಂತ ಹೇಗೆ ಬರೆಯುವುದು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪದ್ಧತಿ ಹಾಗೆಯೇ ಇದೆ. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುವವನು ನಾನೇ. ಅಂಕಗಳನ್ನು ಕೂಡಿಸಿದಾಗ ಓಣಿಯ ದಾರಿ ಮುಂದೆ ಬಂತು. ಬೈಕ್ ಕಾದ ಹೊತ್ತನ್ನು ಕೇಳಿದೊಡನೆ ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂಬುದು ಇಂದಿಗೂ ಚುಚ್ಚುತ್ತದೆ.

ಸಂಜೆ ಚಿಗವ್ವನಿಗೆ ಫೋನು ಮಾಡಿದೆ. ರಸ್ತೆಗೆ ಓಣಿಯನ್ನೇ ಆರಿಸಿದರು, ನಾನು ತಂದ ಫೋಟೋ ಕೂಡ ಅದಕ್ಕೆ ಕಾರಣವಾಯಿತು ಎಂದೆ. ಆಕೆ ನನ್ನನ್ನು ಬೈಯಲಿಲ್ಲ.

"ಹಾಸು ಅಡ್ಡ ಇತ್ತಂತ ಸಾಹೇಬ್ರು ಬ್ಯಾಸರ ಮಾಡ್ಕೊಂಡ್ರೇನೋ ಯಪ್ಪಾ?" ಎಂದಳು. "ಇನ್ನೊಮ್ಮೆ ಬರಾಕ ಹೇಳು. ಈ ಸರ್ತಿ ಒಂದೆಳಿನೂ ಕಾಣದಂಗ ತೆಗೆದಿಡ್ತೇವಿ."