ಎತ್ತಿನ ಹಗ್ಗ ಹಿಡಿದ ವರದಿಗಾರ

ಉದಗೀರದಲ್ಲಿ ನಮ್ಮ ಅಂಗಡಿಯ ಪಕ್ಕ ಒಬ್ಬ ವರದಿಗಾರರಿದ್ದರು. ಯಾರಾದರೂ ಸುದ್ದಿಯ ಬಗ್ಗೆ ಅನುಮಾನಪಟ್ಟರೆ ಕನ್ನಡಕ ಒರೆಸಿಕೊಂಡು, "ಕಣ್ಣಿಲೆ ನೋಡೇ ಬರದೀನ್ರೀ" ಎನ್ನುತ್ತಿದ್ದರು.

ಒಮ್ಮೆ ಮಾತ್ರ ಫೋನಿನಲ್ಲಿ ಕೇಳಿದ್ದನ್ನೇ ಬರೆದುಬಿಟ್ಟರು: ದೇವಣಿಯ ರೈತನೊಬ್ಬನ ಎತ್ತುಗಳಿಗೆ ಕಾಲುಬಾಯಿ ರೋಗ. ದನದ ಡಾಕ್ಟರು ನೋಡಿ ಸುಳ್ಳೆಂದರು. ಆದರೂ ಎರಡು ಸಂತೆ, ಮಾರಲು ತಂದ ಆ ಜೋಡಿಯ ಹತ್ತಿರ ಯಾರೂ ಸುಳಿಯಲಿಲ್ಲ.

ಪತ್ರಿಕೆಯಲ್ಲಿ ತಿದ್ದುಪಡಿ ಬಂತು. "ಮುಗೀತಲ್ರೀ ಕಾಕಾ" ಎಂದೆ.

"ದನ ಕೊಳ್ಳೋರು ತಿದ್ದುಪಡಿ ಓದಂಗಿಲ್ಲಪಾ."

ಮೂರನೆಯ ಸಂತೆಗೆ ನನ್ನನ್ನೂ ಕರೆದೊಯ್ದರು. ರೈತನ ಕೈಯಿಂದ ಹಗ್ಗ ಇಸಿದುಕೊಂಡು ಎತ್ತುಗಳನ್ನು ಸಂತೆಯ ತುಂಬ ನಡೆಸಿದರು. ಒಬ್ಬೊಬ್ಬ ದಲಾಲನ ಮುಂದೆಯೂ ನಿಂತು ಎತ್ತಿನ ಬಾಯಿ ಬಿಡಿಸಿದರು. ಕನ್ನಡಕಕ್ಕೆ ಜೊಲ್ಲು ಸಿಡಿದರೂ ಒರೆಸಿಕೊಳ್ಳಲಿಲ್ಲ.

"ಹುಣ್ಣು ಅದಾವೇನು ನೋಡ್ರಿ. ರೋಗ ಅದ ಅಂತ ಬರದಾಂವ ನಾನೇ. ನೋಡ್ಲಾರ್ದೇ ಬರದೀನ್ರೀ."