ದೀಪ ನೋಡದೆ ಬಂದವರು

ನಾನು ಸಂಸ್ಥಾನದ ಪಲ್ಟಣದಲ್ಲಿ ಹವಾಲ್ದಾರನಾಗಿದ್ದಾಗ, ಕಳ್ಳಂಬೆಳ್ಳದ ಕಡೆಯ ಹಳ್ಳಿಯೊಂದರಲ್ಲಿ ಮಳೆಗೆ ಕಟ್ಟೆ ಒಡೆದು ಮಣ್ಣಿನ ಮಾಳಿಗೆ ಮನೆಗಳು ಕುಸಿದವು. ನಮ್ಮ ತುಕಡಿಯನ್ನು ಅಲ್ಲಿಗೆ ಕಳಿಸಿದರು. ಬದುಕಿದ್ದವರನ್ನು ಮೊದಲು ಎಳೆದು ತೆಗೆದೆವು. ಆಮೇಲೆ ಕೆಸರಿನಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದೆಲ್ಲ ಹೆಣಗಳೇ. ಹೊತ್ತು ಮಣ್ಣು ಮಾಡಿದ್ದೂ ನಾವೇ. ಊರಿನವರಲ್ಲಿ ಹೆಗಲು ಕೊಡುವಷ್ಟು ತ್ರಾಣ ಉಳಿದಿರಲಿಲ್ಲ.

ಹೊರಡುವಾಗ ನನ್ನ ಕೈಕೆಳಗಿನ ಸಿಪಾಯಿಯೊಬ್ಬ, ಪುರವರದ ಬೇಸಾಯದ ಮನೆಯವನು, ಹತ್ತಿರ ಬಂದ.

"ಅವಾಲ್ದಾರ್ರೇ, ದೀಪ ನೋಡ್ಕಂಡು ಹೋಗಾಣ."

ನಮ್ಮ ಕಡೆ ಮಣ್ಣಿಗೆ ಹೋದವರು ನೆಟ್ಟಗೆ ತಮ್ಮ ಮನೆಗೆ ಹೋಗುವುದಿಲ್ಲ. ಸತ್ತವರ ಮನೆಗೆ ಹಿಂದಿರುಗಿ, ಕಾಲು ತೊಳೆದು, ಅಲ್ಲಿ ಹಚ್ಚಿಟ್ಟ ದೀಪ ನೋಡುತ್ತಾರೆ. ಅಲ್ಲಿಗೆ ಹೊತ್ತವರ ಕೆಲಸ ಮುಗಿಯಿತು. ಇದು ನನಗೂ ಗೊತ್ತಿತ್ತು. ಆದರೆ ನಾನು ಮಧುಗಿರಿಯಲ್ಲಿ ಹೈಸ್ಕೂಲು ಓದಿದವನು, ತೋಳಿನ ಮೇಲೆ ಪಟ್ಟಿ ಬೇರೆ.

"ಮನೇನೇ ಇಲ್ಲ, ದೀಪ ಎಲ್ಲಿಡ್ತಾರ್ಲಾ, ನಿನ್ ತಲೆ ಮ್ಯಾಲಾ? ನಡಿ ನಡಿ," ಎಂದೆ. ಉಳಿದವರು ನಕ್ಕರು.

ಶಿಬಿರಕ್ಕೆ ಬಂದ ಮೇಲೆ ಅವನಿಗೆ ಮುದ್ದೆ ಮುರಿಯಲು ಆಗಲಿಲ್ಲ. ಬೆರಳು ತಾಗಿದೊಡನೆ ಎದ್ದುಹೋಗಿ ಕೈ ತೊಳೆಯುವನು. "ಮೆತ್ತಗೈತೆ, ಒಳಗೆ ಏನೋ ಸಿಕ್ಕಂಗಾಯ್ತದೆ," ಎಂದ. ನಾನು ಅದನ್ನು ಕಳ್ಳಾಟ ಎಂದೆ. ಎಲ್ಲರೆದುರು ಬಂದೂಕು ತಲೆಯ ಮೇಲೆ ಎತ್ತಿಸಿ ಮೈದಾನದ ಸುತ್ತ ಓಡಿಸಿದೆ. ಹೊಟ್ಟೆಗಿಲ್ಲದ ಮನುಷ್ಯ ಓಡಿದ, ಬಿದ್ದ.

ಸುಬೇದಾರರು ನನ್ನನ್ನು ಕರೆಸಿದರು. "ಅವನಿಗೆ ತಲೆ ಕೆಟ್ಟಿದೆ ಅಂತ ನೀನು ಹೇಳಿಬಿಡು, ಮನೆಗೆ ಕಳಿಸ್ತೀನಿ."

ಹುಚ್ಚನೆಂಬ ಹೆಸರು ಹೊತ್ತು ಊರಿಗೆ ಹೋದವನ ಬಾಳು ಏನಾಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೌದು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನದೇ ತಟ್ಟೆ ನೆನಪಾಯಿತು. ಆ ಹಳ್ಳಿಯಿಂದ ಬಂದ ಮೇಲೆ ನಾನೂ ಮುದ್ದೆಯನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಹಲ್ಲುನೋವೆಂದು ಹೇಳಿಕೊಂಡು, ಅಡಿಗೆಯವನ ಕೈಲಿ ಮಜ್ಜಿಗೆಯಲ್ಲಿ ಕಲಸಿಸಿ ಕುಡಿಯುತ್ತಿದ್ದೆ.

"ರಜಾ ಕೊಡಿ, ನಾನೇ ಕರ್ಕೊಂಡು ಹೋಗಿ ಸರಿಮಾಡ್ಕೊಂಡು ಬರ್ತೀನಿ," ಎಂದೆ.

ಇಬ್ಬರೂ ಆ ಹಳ್ಳಿಗೆ ಹೋದೆವು. ಅರ್ಧ ನಿಂತಿದ್ದ ಗೋಡೆಯೊಂದಕ್ಕೆ ಸೋಗೆ ಒರಗಿಸಿಕೊಂಡು ಮುದುಕಿಯೊಬ್ಬಳು ಕೂತಿದ್ದಳು. ಅವಳ ಸೊಸೆಯನ್ನು ಹೊತ್ತವರು ನಾವೇ. ಗುರುತು ಹಿಡಿದವಳೇ ರೇಗಿದಳು.

"ಅವತ್ತು ಯಾಕ್ರಪ್ಪಾ ಅಂಗೇ ಹೊಂಟೋಗ್ಬುಟ್ರಿ? ಈ ಗೂಡ್ನಾಗೆ ದೀಪ ಹಚ್ಕಂಡು ಕಾಯ್ತಾ ಕುಂತಿದ್ದೆ ಕಣ್ರಪ್ಪಾ. ಎಣ್ಣೆನೂ ಬೇರೆಯೋರ ಹತ್ರ ಈಸ್ಕಂಡಿದ್ದೆ."

ಗೋಡೆಯ ಗೂಡು ನನ್ನ ಕಣ್ಣೆದುರೇ ಇತ್ತು, ಎಣ್ಣೆಯ ಮಸಿ ಹಿಡಿದು.

ಅವಳು ಮತ್ತೆ ಹಚ್ಚಿದಳು. ಕಾಲು ತೊಳೆದುಕೊಂಡು ನೋಡಿದೆವು. ಅವನು ಬಿಕ್ಕಿ ಬಿಕ್ಕಿ ಅತ್ತ. "ಅಳು ಮಗ, ಇಲ್ಲೇ ಅತ್ಬುಟ್ಟು ಹೋಗು," ಎಂದಳು ಮುದುಕಿ.

ಹಿಂದಿರುಗುವಾಗ ಶಿರಾದಲ್ಲಿ ಅವನ ನೆಂಟರ ಮನೆಯಲ್ಲಿ ಮುದ್ದೆ ಬಡಿಸಿದರು. ಅವನು ಸ್ವಲ್ಪ ಹೊತ್ತು ನೋಡುತ್ತ ಕೂತು, ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಆಮೇಲೆ ನನ್ನ ತಟ್ಟೆಯತ್ತ ನೋಡಿ ಕೇಳಿದ:

"ಅವಾಲ್ದಾರ್ರೇ, ನಿಮ್ ಹಲ್ಲುನೋವು ವಾಸಿ ಆಯ್ತಾ?"

ನಾನೂ ಮುದ್ದೆ ಮುರಿದೆ.

ಸುಬೇದಾರರಿಗೆ ಅವನು ಸರಿಯಿದ್ದಾನೆಂದು ಹೇಳಿದೆ. ಅವನ ಕೆಲಸ ಉಳಿಯಿತು. ನನ್ನ ಹಲ್ಲುನೋವಿನ ಸಂಗತಿ ಹೇಳಲಿಲ್ಲ. ಅವನನ್ನು ಓಡಿಸಿದ ಆ ಮೈದಾನದಲ್ಲೇ, ಅದೇ ಜನರೆದುರು ಹೇಳಬೇಕಿತ್ತು.